ಬತ್ತಿದ ಬೋರ್‌ವೆಲ್, ಯಾಕೋಬನ ಮೋಸ, ಅಬೀಗೈಲಳ ಜಾಣತನ

ಪ್ರಶ್ನೆ: ಅಪ್ಪನ ಆಸ್ಪತ್ರೆ ಸಾಲ ತೀರಿಸಲು ಊರಿನ ಎರಡು ಎಕರೆ ಜಮೀನು ಮಾರಬೇಕಾಗಿದೆ. ಅಲ್ಲಿನ ಬೋರ್‌ವೆಲ್ ಬೇಸಿಗೆಯಲ್ಲಿ ಪೂರ್ತಿ ಬತ್ತುತ್ತದೆ. ಮಳೆಗಾಲದಲ್ಲಿ ಮಾತ್ರ ಒಂದಿಷ್ಟು ನೀರು ಬರುತ್ತದೆ. "ಈಗಲೇ ಮೋಟರ್ ಹಾಕಿ ನೀರು ತೋರಿಸಿ ಮಾರಿಬಿಡು, ಯಾಕೋಬನೇ ಉಪಾಯ ಮಾಡಿ ಆಶೀರ್ವಾದ ತಗೊಂಡ" ಅಂತಾರೆ ನಮ್ಮ ಸೋದರಮಾವ. ಸಭೆಯ ಹಿರಿಯರೊಬ್ಬರು ಇದಕ್ಕೆ ಪೂರ್ತಿ ಉಲ್ಟಾ. "ವಕೀಲರು, ಚೌಕಾಶಿ, ಲೆಕ್ಕಾಚಾರ ಎಲ್ಲ ಅಪನಂಬಿಕೆ. ಪ್ರಾರ್ಥನೆ ಮಾಡಿ ಮೊದಲು ಬಂದವರಿಗೆ ಕೊಟ್ಟುಬಿಡು" ಅಂತಾರೆ. ಇಬ್ಬರೂ ಸತ್ಯವೇದವನ್ನೇ ಮುಂದಿಡುತ್ತಾರೆ. ನಾನು ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಹಾಗೆಯೇ ತೆಗೆದುಕೊಳ್ಳಬೇಡಿ. ಹಿರಿಯರು ನಂಬಿಕೆಯನ್ನು ಕೈಕಟ್ಟಿ ಕೂರುವುದು ಎಂದುಕೊಂಡಿದ್ದಾರೆ. ಮಾವನವರು ಯಾಕೋಬನ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ಮೊದಲು ಹಿರಿಯರ ಮಾತಿಗೆ ಬರುತ್ತೇನೆ. ಭಕ್ತಿಯ ಹೆಸರಿನಲ್ಲಿ ಬರುವ ಮಾತು ಎಂಬ ಕಾರಣಕ್ಕೆ ಅದನ್ನು ಪ್ರಶ್ನಿಸಲು ಜನ ಜಾಸ್ತಿ ಹೆದರುತ್ತಾರೆ.

ಅಪೊಸ್ತಲರ ಕೃತ್ಯಗಳು 23ನೇ ಅಧ್ಯಾಯ ತೆಗೆದು ನೋಡಿ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಯೆರೂಸಲೇಮಿನಲ್ಲಿ ಸೆರೆಯಲ್ಲಿದ್ದಾನೆ. ರಾತ್ರಿ ಕರ್ತನು ಅವನ ಬಳಿ ನಿಂತು, ಧೈರ್ಯವಾಗಿರು, ಇಲ್ಲಿ ಸಾಕ್ಷಿ ಹೇಳಿದ ಹಾಗೆಯೇ ನೀನು ರೋಮ್‌ನಲ್ಲೂ ಹೇಳಬೇಕು ಎನ್ನುತ್ತಾನೆ. ಇದಕ್ಕಿಂತ ದೊಡ್ಡ ವಾಗ್ದಾನ ಬೇಕಾ? ಮರುದಿನ ಬೆಳಗ್ಗೆ 40ಕ್ಕೂ ಹೆಚ್ಚು ಜನ ಸೇರಿ, ಪೌಲನನ್ನು ಕೊಲ್ಲುವವರೆಗೆ ಅನ್ನ ನೀರು ಮುಟ್ಟುವುದಿಲ್ಲ ಎಂದು ಆಣೆ ಹಾಕುತ್ತಾರೆ. ಪೌಲನ ಅಕ್ಕನೋ ತಂಗಿಯೋ, ಅವಳ ಮಗನಿಗೆ ಈ ಸಂಚು ಗೊತ್ತಾಗುತ್ತದೆ. ಅವನು ಓಡಿಬಂದು ಸೋದರಮಾವನಿಗೆ ತಿಳಿಸುತ್ತಾನೆ. ಪೌಲ ಏನು ಹೇಳಿದ? "ರಾತ್ರಿ ಕರ್ತನೇ ಮಾತು ಕೊಟ್ಟಿದ್ದಾನೆ, ನೀನು ಸುಮ್ನೆ ಮನೆಗೆ ಹೋಗು" ಎಂದನಾ? ಇಲ್ಲ. ಒಬ್ಬ ಶತಾಧಿಪತಿಯನ್ನು ಕರೆದು, ಈ ಹುಡುಗನನ್ನು ನಿಮ್ಮ ಸಹಸ್ರಾಧಿಪತಿಯ ಹತ್ತಿರ ಕರೆದುಕೊಂಡು ಹೋಗಿ, ಅವನಿಗೇನೋ ಹೇಳುವುದಿದೆ ಎಂದ. ಅದೇ ರಾತ್ರಿ 200 ಸಿಪಾಯಿಗಳು, 70 ಕುದುರೆ ಸವಾರರು, 200 ಈಟಿಯವರ ಕಾವಲಿನಲ್ಲಿ ಪೌಲ ಊರು ಬಿಟ್ಟ. ವಾಗ್ದಾನ ಸಿಕ್ಕಿತ್ತು. ಆದರೂ ಅಧಿಕಾರಿಗೆ ವಿಷಯ ಮುಟ್ಟಿಸುವ ಕೆಲಸವನ್ನು ಪೌಲನೇ ಮಾಡಬೇಕಾಯಿತು.

ಮುಂದೆ ರೋಮ್‌ಗೆ ಹೋಗುವಾಗ ಬಿರುಗಾಳಿಗೆ ಸಿಕ್ಕ ಹಡಗಿನಲ್ಲೂ ಹೀಗೆಯೇ. ಯಾರ ಪ್ರಾಣವೂ ಹೋಗುವುದಿಲ್ಲ ಎಂದು ದೇವದೂತ ಹೇಳಿಯಾಗಿತ್ತು. ಅಷ್ಟಾದರೂ ನಾವಿಕರು ಕದ್ದು ಚಿಕ್ಕ ದೋಣಿ ಇಳಿಸುವಾಗ ಪೌಲ ಕೂಗಿ ಹೇಳಿದ: ಇವರು ಹಡಗಿನಲ್ಲಿ ಇಲ್ಲದಿದ್ದರೆ ನೀವು ಉಳಿಯುವುದಿಲ್ಲ. 276 ಜನರೂ ದಡ ಸೇರಿದರು. ದೇವರು ಮಾತು ಕೊಟ್ಟಿದ್ದಾನೆ ಎಂದರೆ ನಾವು ಕಣ್ಣು ಮುಚ್ಚಿಕೊಳ್ಳಬಹುದು ಎಂದಲ್ಲ, ಅಲ್ವಾ?

ಇದಕ್ಕಿಂತ ಸರಳವಾದ ಒಂದು ದೃಶ್ಯ ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿದೆ. ಕಪೆರ್ನೌಮಿನ ಒಂದು ಮನೆ. ಯೇಸು ಒಳಗಿದ್ದಾನೆ. ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತಂದಿದ್ದಾರೆ. ಆ ಕಾಲದ ಮನೆಗಳ ಚಾವಣಿ ನಮ್ಮ ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಹಾಗೆ. ಅಡ್ಡಕ್ಕೆ ತೊಲೆ, ಅದರ ಮೇಲೆ ಕಟ್ಟಿಗೆ ಕಡ್ಡಿ, ಮೇಲೆ ಬಡಿದು ಕೂರಿಸಿದ ಮಣ್ಣು. ಅವರು ಮಾಳಿಗೆ ಹತ್ತಿದರು, ಅಗೆದರು, ಹಾಸಿಗೆಯನ್ನು ಕೆಳಗಿಳಿಸಿದರು. ಕೆಳಗೆ ಕೂತವರ ತಲೆಯ ಮೇಲೆ ಮಣ್ಣು ಉದುರಿರಲೇಬೇಕು. ಆ ನಾಲ್ವರು ಒಂದು ಮಾತನ್ನೂ ಆಡಿದ್ದು ಕಥೆಯಲ್ಲಿಲ್ಲ. ಆದರೆ ಮಾರ್ಕ ಬರೆಯುತ್ತಾನೆ: ಯೇಸು ಅವರ ನಂಬಿಕೆಯನ್ನು ನೋಡಿದನು. ಅಲ್ಲಿ ಕಣ್ಣಿಗೆ ಕಂಡದ್ದು ಅಗೆದ ಚಾವಣಿ, ಅದರ ಮೂಲಕ ಇಳಿದು ಬಂದ ಹಾಸಿಗೆ. ಅದನ್ನೇ ಆತ ನಂಬಿಕೆ ಎಂದು ಎಣಿಸಿದ.

ಯೆರೂಸಲೇಮಿನ ಬಿದ್ದ ಗೋಡೆಯನ್ನು ಮತ್ತೆ ಕಟ್ಟಿಸಿದ ನೆಹೆಮೀಯನ ಬಗ್ಗೆ ಪುಟಗಟ್ಟಲೆ ಬರೆಯಬಹುದು. ಒಂದೇ ವಾಕ್ಯ ಹೇಳಿ ಮುಂದೆ ಹೋಗುತ್ತೇನೆ. ಶತ್ರುಗಳು ದಾಳಿಗೆ ಸಿದ್ಧರಾದಾಗ ಅವನು ಬರೆದದ್ದು ಇಷ್ಟೇ: ನಾವು ದೇವರಿಗೆ ಪ್ರಾರ್ಥನೆ ಮಾಡಿ, ಹಗಲೂ ರಾತ್ರಿ ಕಾವಲಿಟ್ಟೆವು. ಯೆರೂಸಲೇಮಿನ ಗೋಡೆ ಎದ್ದು ನಿಂತದ್ದು 52 ದಿನಗಳಲ್ಲಿ.

ಇನ್ನೊಂದು ಕಡೆಯನ್ನೂ ಹೇಳಬೇಕು, ಇಲ್ಲದಿದ್ದರೆ ಹಿರಿಯರಿಗೆ ಅನ್ಯಾಯವಾಗುತ್ತದೆ. ಅಶ್ಶೂರರು ಮುತ್ತಿಗೆ ಹಾಕುವ ಭಯ ಇದ್ದಾಗ ಅರಸ ಹಿಜ್ಕೀಯ ಯೆರೂಸಲೇಮಿನ ಹೊರಗಿದ್ದ ಗೀಹೋನ್ ಬುಗ್ಗೆಯ ನೀರನ್ನು ಸುರಂಗ ಕೊರೆಸಿ ಊರೊಳಗೆ ತಂದ. ಸುಮಾರು 533 ಮೀಟರ್ ಉದ್ದದ ಆ ಸುರಂಗ ಈಗಲೂ ಇದೆ, ಜನ ಅದರಲ್ಲಿ ನಡೆದುಹೋಗುತ್ತಾರೆ. ಎರಡು ಗುಂಪು ಎರಡು ಕಡೆಯಿಂದ ಬಂಡೆ ಕೊರೆಯುತ್ತಾ ಬಂದು, ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸಿ, ನಡುವೆ ಸೇರಿದ ಕಥೆ ಅದರ ಗೋಡೆಯ ಮೇಲೆಯೇ ಕೆತ್ತಿತ್ತು. ಆ ಶಾಸನ 1880ರಲ್ಲಿ ಸಿಕ್ಕಿತು. ಅಂಥ ಕೆಲಸ ಅದು. ಆದರೆ ನೀರಿಗಾಗಿ ಜನ ಪಟ್ಟ ಇಂಥ ಪಾಡನ್ನು ಕುರಿತು ಪ್ರವಾದಿ ಯೆಶಾಯ 22ನೇ ಅಧ್ಯಾಯದಲ್ಲಿ ಗದರುತ್ತಾನೆ. ನೀರು ಕೂಡಿಟ್ಟಿರಿ, ಗೋಡೆ ಭದ್ರ ಮಾಡಿದಿರಿ, ಆದರೆ ಇದನ್ನೆಲ್ಲ ನಡೆಸುವವನ ಕಡೆ ನೋಡಲಿಲ್ಲ ಎನ್ನುತ್ತಾನೆ. ನೀರು ಕೂಡಿಟ್ಟದ್ದು ತಪ್ಪು ಎಂದು ಅವನು ಹೇಳಲಿಲ್ಲ. ದೇವರ ಕಡೆ ನೋಡದೇ ಇದ್ದದ್ದು ತಪ್ಪು. ನಿಮ್ಮ ಹಿರಿಯರ ಆತಂಕ ಇದೇ ಇರಬಹುದು. ಹಾಗಿದ್ದರೆ ಅದು ನಿಜವಾದ ಆತಂಕ. ಅದಕ್ಕೆ ಔಷಧ ಪ್ರಾರ್ಥನೆ. ವಕೀಲರನ್ನು ಬಿಡುವುದಲ್ಲ.

ಈಗ ಸೋದರಮಾವನವರ ಯಾಕೋಬ.

ಆದಿಕಾಂಡ 27ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಅಪ್ಪ ಇಸಾಕನಿಗೆ ವಯಸ್ಸಾಗಿದೆ, ಕಣ್ಣು ಕಾಣುವುದಿಲ್ಲ. ಬೇಟೆ ತಂದು ಉಣಿಸು, ಆಶೀರ್ವಾದ ಕೊಡುತ್ತೇನೆ ಎಂದು ಅಪ್ಪ ಹೇಳಿದ್ದಕ್ಕೆ ಹಿರಿಯ ಮಗ ಏಸಾವ ಬೇಟೆಗೆ ಹೋಗಿದ್ದಾನೆ. ತಾಯಿ ರೆಬೆಕ್ಕ ಎರಡು ಮೇಕೆಮರಿ ತರಿಸಿ ಅಡುಗೆ ಮಾಡುತ್ತಾಳೆ. ಏಸಾವನ ಬಟ್ಟೆಯನ್ನು ಕಿರಿಯ ಮಗ ಯಾಕೋಬನಿಗೆ ತೊಡಿಸುತ್ತಾಳೆ. ಮರಿಗಳ ಚರ್ಮವನ್ನು ಅವನ ಕೈಗೂ ನುಣುಪಾದ ಕೊರಳಿಗೂ ಸುತ್ತುತ್ತಾಳೆ. ಅಪ್ಪ ತಡವಿ ನೋಡಿ, ದನಿ ಯಾಕೋಬನದು, ಕೈ ಏಸಾವನದು ಎನ್ನುತ್ತಾನೆ. ಇಷ್ಟು ಬೇಗ ಬೇಟೆ ಹೇಗೆ ಸಿಕ್ಕಿತು ಮಗನೇ ಎಂದು ಕೇಳಿದಾಗ ಯಾಕೋಬ ಕೊಡುವ ಉತ್ತರ ನನಗೆ ಆ ಅಧ್ಯಾಯದಲ್ಲೇ ಅತಿ ಕೆಟ್ಟದ್ದಾಗಿ ಕಾಣುತ್ತದೆ: ನಿನ್ನ ದೇವರೇ ಅದನ್ನು ನನ್ನ ಎದುರಿಗೆ ತಂದ. ಸುಳ್ಳಿಗೆ ದೇವರನ್ನೇ ಸಾಕ್ಷಿ ಮಾಡಿದ.

ನೆನಪಿಡಿ, ಈ ಆಶೀರ್ವಾದ ಯಾಕೋಬನಿಗೆ ಎಂದು ದೇವರು ಮೊದಲೇ ಸೂಚಿಸಿದ್ದ. ಮಕ್ಕಳು ಹುಟ್ಟುವ ಮುಂಚೆಯೇ, ಹಿರಿಯವನು ಕಿರಿಯವನಿಗೆ ಸೇವೆ ಮಾಡುವನು ಎಂದು ರೆಬೆಕ್ಕಳಿಗೆ ಹೇಳಿದ್ದ. ಹೇಗಿದ್ದರೂ ಸಿಗಬೇಕಾದದ್ದನ್ನು ಅವರು ಕುರುಡನ ಕೈಯಿಂದ ಕಸಿದರು.

ಮುಂದೆ ಏನಾಯಿತು ಎಂದು ನಿಮ್ಮ ಮಾವನವರನ್ನು ಕೇಳಿ. ಯಾಕೋಬ ಅಣ್ಣನ ಭಯಕ್ಕೆ ಮನೆ ಬಿಟ್ಟು ಓಡಿದ. ಕೆಲವು ದಿನ ಇದ್ದು ಬಾ ಎಂದು ಕಳುಹಿಸಿದ ತಾಯಿ ಮಗನನ್ನು ಮತ್ತೆ ನೋಡಿದಳು ಎಂದು ಸತ್ಯವೇದದಲ್ಲಿ ಎಲ್ಲೂ ಇಲ್ಲ. ಯಾಕೋಬನಿಗೂ ಒಬ್ಬ ಸೋದರಮಾವ ಇದ್ದ, ಲಾಬಾನ. ರಾಹೇಲಳಿಗಾಗಿ ಯಾಕೋಬ 7 ವರ್ಷ ಅವನ ಹತ್ತಿರ ದುಡಿದ. ಮದುವೆಯ ರಾತ್ರಿಯ ಕತ್ತಲಲ್ಲಿ ಲಾಬಾನ ಹಿರಿಯ ಮಗಳು ಲೇಯಳನ್ನು ಕಳುಹಿಸಿದ. ಬೆಳಗ್ಗೆ ಜಗಳಕ್ಕೆ ಹೋದರೆ, ಹಿರಿಯವಳಿಗಿಂತ ಮೊದಲು ಕಿರಿಯವಳನ್ನು ಕೊಡುವುದು ನಮ್ಮ ಕಡೆ ಪದ್ಧತಿ ಅಲ್ಲ ಎಂದ. ಅಣ್ಣನ ಜಾಗದಲ್ಲಿ ನಿಂತು ಆಶೀರ್ವಾದ ಪಡೆದವನಿಗೆ ಈ ಮಾತು ಎಲ್ಲಿ ತಾಗಿರಬೇಕು! ಇನ್ನೂ ಇದೆ. ಎಷ್ಟೋ ವರ್ಷಗಳ ಮೇಲೆ ಯಾಕೋಬನ ಸ್ವಂತ ಮಕ್ಕಳು ತಮ್ಮ ಯೋಸೇಫನನ್ನು ಮಾರಿ, ಕಾಡುಮೃಗ ತಿಂದಿತು ಎಂದು ನಂಬಿಸಲು ಅವನ ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ಅಪ್ಪನ ಮುಂದಿಟ್ಟರು. ಆಡಿನ ಚರ್ಮದಿಂದ ಅಪ್ಪನನ್ನು ವಂಚಿಸಿದವನು ಆಡಿನ ರಕ್ತದಿಂದ ಮೋಸಹೋದ. ಕಥೆ ಹೇಳಿದವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಬರೀ ಆ ವಿವರವನ್ನು ಇಟ್ಟು ಮುಂದೆ ಹೋಗುತ್ತಾರೆ. ಸತ್ಯವೇದದಲ್ಲಿ ಒಂದು ಸಂಗತಿ ಬರೆದಿದೆ ಎಂದರೆ ಅದಕ್ಕೆ ಒಪ್ಪಿಗೆ ಇದೆ ಎಂದರ್ಥವಲ್ಲ.

ಅದೇ ಯಾಕೋಬ 20 ವರ್ಷದ ಮೇಲೆ ಊರಿಗೆ ಮರಳುತ್ತಾನೆ. ಏಸಾವ 400 ಜನರೊಂದಿಗೆ ಎದುರು ಬರುತ್ತಿದ್ದಾನೆ. ಯಾಕೋಬ ಮೊದಲು ತನ್ನವರನ್ನು ಎರಡು ಗುಂಪು ಮಾಡುತ್ತಾನೆ, ಒಂದು ಹೋದರೂ ಇನ್ನೊಂದು ಉಳಿಯಲಿ ಎಂದು. ಆಮೇಲೆ ಪ್ರಾರ್ಥಿಸುತ್ತಾನೆ. ಆಮೇಲೆ ಅಣ್ಣನಿಗೆ 550ಕ್ಕೂ ಹೆಚ್ಚು ಪಶುಗಳ ಕಾಣಿಕೆಯನ್ನು ಹಿಂಡು ಹಿಂಡಾಗಿ, ನಡುವೆ ಅಂತರ ಬಿಟ್ಟು ಕಳುಹಿಸುತ್ತಾನೆ, ಒಂದೊಂದು ಹಿಂಡು ಕಂಡಾಗಲೂ ಅಣ್ಣನ ಸಿಟ್ಟು ಸ್ವಲ್ಪ ಇಳಿಯಲಿ ಎಂದು. ಉಪಾಯ, ಪ್ರಾರ್ಥನೆ, ಮತ್ತೆ ಉಪಾಯ. ಬುದ್ಧಿ ಅದೇ ಚುರುಕು. ಆದರೆ ಈ ಸಲ ಕಳೆದುಕೊಳ್ಳುತ್ತಿರುವುದು ಅವನದೇ ಸೊತ್ತು.

ನನ್ನ ಇಡೀ ಉತ್ತರ ಇಲ್ಲಿದೆ. ಉಪಾಯ ಮಾಡಿದರಾ ಇಲ್ಲವಾ ಎಂದು ಸತ್ಯವೇದ ಕೇಳುವುದಿಲ್ಲ. ಆ ಉಪಾಯದ ಬೆಲೆ ಯಾರು ತೆತ್ತರು ಎಂದು ಕೇಳುತ್ತದೆ. ಎರಡನೇ ಸಮುವೇಲನಲ್ಲಿ ಯೋನಾದಾಬ ಎಂಬವನು ಬರುತ್ತಾನೆ, ಬಹಳ ಯುಕ್ತಿಗಾರ. ಅವನ ಯುಕ್ತಿ ದಾವೀದನ ಮಗಳು ತಾಮಾರಳ ಬಾಳನ್ನೇ ಹಾಳು ಮಾಡಿತು. ಜಾಣತನ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾದ ಒಬ್ಬ ಹೆಂಗಸನ್ನು ತೋರಿಸುತ್ತೇನೆ. ಒಂದನೇ ಸಮುವೇಲ 25ನೇ ಅಧ್ಯಾಯದ ಅಬೀಗೈಲ್. ನಂಬಿಕೆ ಮತ್ತು ಜಾಣತನ ಒಂದೇ ಮನುಷ್ಯರಲ್ಲಿ ಹೇಗೆ ಇರುತ್ತವೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಇವಳದು. ನಮ್ಮ ಸಭೆಗಳಲ್ಲಿ ಇವಳ ಬಗ್ಗೆ ಪ್ರಸಂಗ ಕೇಳುವುದೇ ಅಪರೂಪ.

ಅವಳ ಗಂಡ ನಾಬಾಲ ಯೆಹೂದದ ದಕ್ಷಿಣದ ಮಾವೋನ್ ಊರಿನವನು. 3000 ಕುರಿ, 1000 ಆಡು ಇದ್ದ ಶ್ರೀಮಂತ. ಮುಂದೆ ಅರಸನಾಗಲಿದ್ದ ದಾವೀದ ಆಗ ಅರಸ ಸೌಲನಿಂದ ತಪ್ಪಿಸಿಕೊಂಡು ಕಾಡಿನಲ್ಲಿದ್ದ. ನಾಬಾಲನ ಕುರುಬರಿಗೆ ಅವನ ಜನ ಹಗಲೂ ರಾತ್ರಿ ಗೋಡೆಯಾಗಿ ನಿಂತಿದ್ದರು. ಕುರಿಗಳ ಉಣ್ಣೆ ಕತ್ತರಿಸುವ ಕಾಲ ಬಂತು. ಅದು ಹಬ್ಬದ ಹೊತ್ತು, ಕೊಡುವ ಹೊತ್ತು. ದಾವೀದ 10 ಹುಡುಗರನ್ನು ಕಳುಹಿಸಿ, ಏನು ಕೈಗೆ ಬರುತ್ತದೋ ಕೊಡಿ ಎಂದು ವಿನಯದಿಂದ ಕೇಳಿದ. ನಾಬಾಲ ಅವರನ್ನು ಬೈದು ಅಟ್ಟಿದ. ದಾವೀದ ಯಾರು, ಯಜಮಾನರನ್ನು ಬಿಟ್ಟು ಓಡಿಬಂದ ಆಳುಗಳು ಈಗ ಬಹಳ ಆಗಿದ್ದಾರೆ ಎಂದ. ದಾವೀದನಿಗೆ ರಕ್ತ ಕುದಿಯಿತು. 400 ಜನ ಕತ್ತಿ ಕಟ್ಟಿಕೊಂಡರು. ಬೆಳಗಾಗುವಷ್ಟರಲ್ಲಿ ಆ ಮನೆಯ ಒಂದು ಗಂಡುಪಿಳ್ಳೆಯನ್ನೂ ಉಳಿಸುವುದಿಲ್ಲ ಎಂದು ಆಣೆ ಹಾಕಿದ.

ಈ ಸುದ್ದಿಯನ್ನು ಅಬೀಗೈಲಳಿಗೆ ತಂದವನು ಒಬ್ಬ ಆಳು. ಯಜಮಾನನ ಹತ್ತಿರ ಮಾತಾಡುವ ಹಾಗಿಲ್ಲ ಎಂದು ಅವನು ಸೀದಾ ಅವಳ ಹತ್ತಿರ ಬಂದ. ಆ ಮನೆಯಲ್ಲಿ ಯಾರ ಕಿವಿ ತೆರೆದಿತ್ತು ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಅವಳು ತಡಮಾಡಲಿಲ್ಲ. 200 ರೊಟ್ಟಿ, ಎರಡು ತಿತ್ತಿ ದ್ರಾಕ್ಷಾರಸ, ಹಸನು ಮಾಡಿದ ಐದು ಕುರಿ, ಹುರಿದ ಕಾಳು, 100 ಗೊಂಚಲು ಒಣದ್ರಾಕ್ಷಿ, 200 ಅಂಜೂರದ ಉಂಡೆ, ಎಲ್ಲವನ್ನೂ ಕತ್ತೆಗಳ ಮೇಲೆ ಹೇರಿಸಿದಳು. ನೀವು ಮುಂದೆ ಹೋಗಿ, ನಾನು ಹಿಂದೆ ಬರುತ್ತೇನೆ ಎಂದಳು. ಹಸಿದ ಸಿಪಾಯಿಗಳ ಕಣ್ಣಿಗೆ ಮೊದಲು ಊಟ ಕಾಣಲಿ, ಮಾತು ಆಮೇಲೆ. ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ತಡೆಯುತ್ತಿದ್ದ, ರಾತ್ರಿ ಮನೆಯ ಗಂಡಸರೆಲ್ಲ ಸಾಯುತ್ತಿದ್ದರು.

ದಾವೀದನನ್ನು ಕಂಡ ಕೂಡಲೇ ಕತ್ತೆಯಿಂದ ಇಳಿದು ಕಾಲಿಗೆ ಬಿದ್ದಳು. ಮೊದಲ ಮಾತೇ, ಸ್ವಾಮೀ, ಈ ಅಪರಾಧ ನನ್ನ ಮೇಲಿರಲಿ. ತಪ್ಪು ಅವಳದಲ್ಲ, ಆ ಹುಡುಗರನ್ನು ಅವಳು ನೋಡಿಯೂ ಇರಲಿಲ್ಲ. ಆದರೂ ಕತ್ತಿಯ ಮುಂದೆ ತನ್ನ ತಲೆಯನ್ನು ಇಟ್ಟಳು. ಆಮೇಲಿನ ಮಾತು ಇನ್ನೂ ಚೆನ್ನ. ದೇವರು ನಿನ್ನನ್ನು ಖಂಡಿತ ಅರಸನನ್ನಾಗಿ ಮಾಡುತ್ತಾನೆ, ಆ ದಿನ ಸುಮ್ಮಸುಮ್ಮನೆ ರಕ್ತ ಸುರಿಸಿದೆ ಎಂಬ ಕೊರಗು ನಿನ್ನ ಮನಸ್ಸಿಗೆ ಇರದಿರಲಿ ಎಂದಳು. ನಿನ್ನ ಶತ್ರುಗಳ ಜೀವವನ್ನು ದೇವರು ಕವಣೆಯಿಂದ ಎಸೆದ ಹಾಗೆ ಎಸೆಯುವನು ಎಂದೂ ಹೇಳಿದಳು. ಕವಣೆ! ಕವಣೆ ಕಲ್ಲಿನಿಂದ ದೈತ್ಯ ಗೊಲ್ಯಾತನನ್ನು ಕೆಡವಿದ ದಿನವನ್ನು ದಾವೀದನಿಗೆ ನೆನಪಿಸಲು ಅಷ್ಟು ಸಾಕು. ಅಂದು ದೇವರೇ ಕಾದಿದ್ದ, ಇಂದು ನೀನು ಯಾಕೆ ಕತ್ತಿ ಎತ್ತುತ್ತೀಯ ಎಂದು ನೇರವಾಗಿ ಹೇಳದೆ ಹೇಳಿದಳು. ಇದರಲ್ಲಿ ಮುಖಸ್ತುತಿ ಇಲ್ಲ. ದೇವರ ವಾಗ್ದಾನವನ್ನು ಅವಳು ದಾವೀದನಿಗಿಂತ ಗಟ್ಟಿಯಾಗಿ ನಂಬಿದ್ದಳು, ಆ ನಂಬಿಕೆಯೇ ಅವಳ ವಾದವಾಯಿತು.

ಮನೆಗೆ ಬಂದರೆ ಗಂಡ ಅರಸನ ಹಾಗೆ ಔತಣ ಮಾಡಿ ಕುಡಿದು ಮತ್ತನಾಗಿದ್ದ. ಅವಳು ರಾತ್ರಿ ಒಂದು ಮಾತೂ ಆಡಲಿಲ್ಲ. ಬೆಳಗ್ಗೆ ಅಮಲು ಇಳಿದ ಮೇಲೆ ಎಲ್ಲವನ್ನೂ ಹೇಳಿದಳು. ಮುಚ್ಚಿಡಲಿಲ್ಲ, ಹೊತ್ತು ನೋಡಿ ಹೇಳಿದಳು. ದಾವೀದ ಅವಳ ಬುದ್ಧಿಗಾಗಿ ದೇವರನ್ನು ಕೊಂಡಾಡಿದ. ಈ ಅಧ್ಯಾಯದ ಹಿಂದೆಯೂ ಮುಂದೆಯೂ ದಾವೀದ ಸೌಲನನ್ನು ಕೊಲ್ಲದೆ ಬಿಟ್ಟ ಕಥೆಗಳಿವೆ. ನಡುವೆ ಕೈ ಜಾರಲಿದ್ದವನನ್ನು ಹಿಡಿದು ನಿಲ್ಲಿಸಿದವಳು ಇವಳೇ.

ನಿಮ್ಮ ಮಾವನವರು ಇಲ್ಲಿ ಒಂದು ಪ್ರಶ್ನೆ ಎತ್ತಬಹುದು. ಐಗುಪ್ತದ ಸೂಲಗಿತ್ತಿಯರು ಸುಳ್ಳು ಹೇಳಲಿಲ್ಲವಾ? ರಾಹಾಬ ಹೇಳಲಿಲ್ಲವಾ? ಹೇಳಿದರು. ಗಂಡುಮಕ್ಕಳನ್ನು ಕೊಲ್ಲಿರಿ ಎಂದ ಫರೋಹನಿಗೆ ಸೂಲಗಿತ್ತಿಯರು, ಇಬ್ರಿಯ ಹೆಂಗಸರು ಗಟ್ಟಿಗಿತ್ತಿಯರು, ನಾವು ಹೋಗುವುದರೊಳಗೆ ಹೆತ್ತಿರುತ್ತಾರೆ ಎಂದರು. ಯೆರಿಕೋ ಪಟ್ಟಣದ ರಾಹಾಬ ಇಸ್ರಾಯೇಲ್ಯರ ಗೂಢಚಾರರನ್ನು ಮಾಳಿಗೆಯ ಮೇಲೆ ಸೆಣಬಿನ ದಂಟುಗಳ ಕೆಳಗೆ ಬಚ್ಚಿಟ್ಟು, ಹುಡುಕಿ ಬಂದ ಅರಸನ ಜನರಿಗೆ ಅವರು ಆಗಲೇ ಹೋದರು ಎಂದಳು. ಇದರ ಬಗ್ಗೆ ಕ್ರೈಸ್ತ ಗುರುಗಳಲ್ಲೇ ಹಳೆಯ ಚರ್ಚೆ ಇದೆ. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ ಯಾವ ಸುಳ್ಳೂ ಸರಿಯಲ್ಲ ಎಂದೇ ವಾದಿಸಿದರು. ದೇವರು ಸೂಲಗಿತ್ತಿಯರಿಗೆ ಪ್ರತಿಫಲ ಕೊಟ್ಟದ್ದು ಅವರ ಕರುಣೆಗೆ, ಸುಳ್ಳಿಗಲ್ಲ ಎಂದರು. ನನಗೆ ಆ ಬಿಗಿ ಪೂರ್ತಿ ಒಪ್ಪಿಗೆಯಿಲ್ಲ. ಕೊಲೆಗಾರ ಬಾಗಿಲಲ್ಲಿ ನಿಂತು ಮಗು ಎಲ್ಲಿ ಎಂದು ಕೇಳಿದರೆ ಅವನಿಗೆ ನಿಜ ಕೊಡಬೇಕಾದ ಸಾಲ ನನ್ನ ಮೇಲಿಲ್ಲ. ಆದರೆ ಒಂದು ಗಮನಿಸಿ. ಆ ಹೆಂಗಸರು ಸಿಕ್ಕಿಬಿದ್ದಿದ್ದರೆ ಹೋಗುತ್ತಿದ್ದದ್ದು ಅವರದೇ ಪ್ರಾಣ. ಲಾಭ ಬೇರೆಯವರಿಗೆ, ಅಪಾಯ ತಮಗೆ. ನಿಮ್ಮ ಜಮೀನು ಕೊಳ್ಳಲು ಬರುವವರು ಫರೋಹ ಅಲ್ಲ. ಅವರೂ ಸಾಲ ಮಾಡಿಯೇ ಬರುತ್ತಿರಬಹುದು.

ಯಾಜಕಕಾಂಡ 19ರಲ್ಲಿ ಒಂದು ಆಜ್ಞೆ ಇದೆ: ಕುರುಡನ ದಾರಿಯಲ್ಲಿ ಎಡವುವಂಥದ್ದನ್ನು ಇಡಬಾರದು. 11ನೇ ಶತಮಾನದ ಯೆಹೂದ್ಯ ವಿದ್ವಾಂಸ ರಾಶಿ ಇದನ್ನು ಕಣ್ಣಿಲ್ಲದವರಿಗೆ ಮಾತ್ರ ಹೇಳಿದ್ದು ಎಂದು ಓದಲಿಲ್ಲ. ಒಂದು ವಿಷಯ ಗೊತ್ತಿಲ್ಲದವನು ಆ ವಿಷಯದಲ್ಲಿ ಕುರುಡನೇ ಎಂದರು. ಅವರು ಕೊಟ್ಟ ಉದಾಹರಣೆಯೂ ಜಮೀನಿನದೇ: ಹೊಲ ಮಾರಿ ಕತ್ತೆ ಕೊಂಡುಕೋ ಎಂದು ಒಬ್ಬನಿಗೆ ಬುದ್ಧಿ ಹೇಳಿ, ಹಿಂದಿನಿಂದ ನೀನೇ ಆ ಹೊಲ ಹೊಡೆದುಕೊಳ್ಳಬೇಡ. ನೆಲದ ಕೆಳಗೆ ನೀರು ಎಷ್ಟಿದೆ ಎಂಬುದು ಕೊಳ್ಳುವವರಿಗೆ ಕಾಣುವುದಿಲ್ಲ. ಇಸಾಕನಿಗೂ ಕಾಣುತ್ತಿರಲಿಲ್ಲ. ಮಳೆಗಾಲದಲ್ಲಿ ಮೋಟರ್ ಹಾಕಿ ತೋರಿಸುವುದು ಆ ಮೇಕೆಚರ್ಮವೇ.

ಹಾಗಾಗಿ ಬೋರ್‌ವೆಲ್ ವಿಷಯವನ್ನು ಬೆಲೆಯ ಮಾತು ಶುರುವಾಗುವ ಮೊದಲೇ ಹೇಳಿಬಿಡಿ. ಎಷ್ಟು ಅಡಿ ಕೊರೆಸಿದ್ದು, ಯಾವ ತಿಂಗಳಿಂದ ನೀರು ನಿಲ್ಲುತ್ತದೆ, ಎಲ್ಲವನ್ನೂ. ಬೆಲೆ ಸ್ವಲ್ಪ ಇಳಿಯುತ್ತದೆ. ಆ ನಷ್ಟ ನಿಮ್ಮದಾಗಲಿ.

ಆದರೆ ಇದನ್ನು ಬಿಟ್ಟು ಉಳಿದ ಕಡೆ ನಿಮ್ಮ ಬುದ್ಧಿಯನ್ನೆಲ್ಲ ಖರ್ಚು ಮಾಡಿ. ನಿಮ್ಮ ಕನಿಷ್ಠ ಬೆಲೆ ಎಷ್ಟು, ಆಸ್ಪತ್ರೆ ಸಾಲಕ್ಕೆ ಎಷ್ಟು ಅವಸರ ಇದೆ ಎಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ. ಅದನ್ನು ತಿಳಿಯುವ ಹಕ್ಕು ಕೊಳ್ಳುವವರಿಗಿಲ್ಲ. ನೆಹೆಮೀಯನೂ ರಾತ್ರಿ ಹೊತ್ತು ಗೋಡೆಯ ಸುತ್ತ ಹೋಗಿ ನೋಡಿಬಂದದ್ದನ್ನು ಕೂಡಲೇ ಯಾರಿಗೂ ಹೇಳಲಿಲ್ಲ. ಆ ಭಾಗದಲ್ಲಿ ಈಚೆಗೆ ಯಾವ ಜಮೀನು ಎಷ್ಟಕ್ಕೆ ಹೋಯಿತು ವಿಚಾರಿಸಿ. ಒಬ್ಬರಲ್ಲ, ನಾಲ್ಕು ಜನ ಬಂದು ನೋಡಲಿ. ಚೌಕಾಶಿ ಮಾಡಿ.

ಕಾಗದಪತ್ರದ ವಿಷಯಕ್ಕೆ ಹಿರಿಯರಿಗೆ ಯೆರೆಮೀಯ 32ನೇ ಅಧ್ಯಾಯವನ್ನು ಓದಿ ಹೇಳಿ. ಬಾಬೆಲಿನವರು ಊರನ್ನು ಮುತ್ತಿದ್ದಾರೆ, ಯೆರೆಮೀಯ ಸೆರೆಯಲ್ಲಿದ್ದಾನೆ. ಮುಂದೆ ಈ ದೇಶದಲ್ಲಿ ಮತ್ತೆ ಮನೆ, ಹೊಲ, ತೋಟಗಳನ್ನು ಜನ ಕೊಳ್ಳುವರು ಎಂಬ ದೇವರ ಮಾತನ್ನು ನಂಬಿ ಅವನು ಅನಾತೋತ್‌ನಲ್ಲಿ ಒಂದು ಹೊಲ ಕೊಳ್ಳುತ್ತಾನೆ. 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಕ್ರಯಪತ್ರಕ್ಕೆ ಸಾಕ್ಷಿಗಳ ರುಜು ಹಾಕಿಸಿದ. ಮುದ್ರೆ ಹಾಕಿದ ಒಂದು ಪ್ರತಿ, ಮುದ್ರೆ ಇಲ್ಲದ ಒಂದು ಪ್ರತಿ, ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಕೆಡದಂತೆ ಮಣ್ಣಿನ ಗಡಿಗೆಯಲ್ಲಿಡು ಎಂದ. ಇಷ್ಟೆಲ್ಲ ಮುಗಿದ ಮೇಲೆ ಪ್ರಾರ್ಥನೆಗೆ ನಿಂತ. ಇಡೀ ಸತ್ಯವೇದದಲ್ಲಿ ಇಷ್ಟು ದೊಡ್ಡ ನಂಬಿಕೆಯ ಕೆಲಸಗಳು ಜಾಸ್ತಿ ಇಲ್ಲ, ಇಷ್ಟು ಅಚ್ಚುಕಟ್ಟಾದ ಕಾಗದಪತ್ರವೂ ಇಲ್ಲ.

ಇದೇ ವಾರ ಪಹಣಿ ಮತ್ತು ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಗಡಿಯ ತಕರಾರು ಇದ್ದರೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಕೊಡಿ. ಅಣ್ಣತಮ್ಮಂದಿರ, ಅಕ್ಕತಂಗಿಯರ ಹಕ್ಕು ಇದ್ದರೆ ಅವರನ್ನೂ ಕೂರಿಸಿ ಮಾತಾಡಿ. ಅಗ್ರಿಮೆಂಟನ್ನು ಒಬ್ಬ ವಕೀಲರಿಗೆ ತೋರಿಸದೆ ಅಡ್ವಾನ್ಸ್ ಮುಟ್ಟಬೇಡಿ. ಅಗ್ರಿಮೆಂಟಿನಲ್ಲಿ ಬೋರ್‌ವೆಲ್‌ಗೆ ಬೇಸಿಗೆಯಲ್ಲಿ ನೀರಿಲ್ಲ ಎಂಬ ಒಂದು ಸಾಲನ್ನೂ ಸೇರಿಸಿ. ನಾಳೆ ಯಾರೂ ನಿಮ್ಮ ಅಪ್ಪನ ಬಾಗಿಲಿಗೆ ಜಗಳಕ್ಕೆ ಬರುವುದಿಲ್ಲ.